ಆಂಟಿಬಾಡಿ ಪಾಸಿಟಿವ್ ಬಂದರೆ ಹೃದಯಕ್ಕೂ ಅಪಾಯವೇ?

ಪ್ರಶ್ನೆ: ನನಗೆ 41 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ಆಂಟಿ ಸಿಸಿಪಿ ತುಂಬಾ ಜಾಸ್ತಿ ಅಂತ ಮೊದಲಿನಿಂದಲೂ ಹೇಳುತ್ತಾರೆ. ಇದೇ ಕಾಯಿಲೆ ಇದ್ದ ಪರಿಚಯದವರೊಬ್ಬರಿಗೆ ಮೊನ್ನೆ ಹಾರ್ಟ್ ಅಟ್ಯಾಕ್ ಆಯಿತು. ಕೀಲು ಕೆಡಿಸುವ ಆಂಟಿಬಾಡಿ ಹೃದಯವನ್ನೂ ಬಿಡುವುದಿಲ್ಲ ಎಂದು ಯಾರೋ ಹೇಳಿದರು. ನನ್ನ ಕೊಲೆಸ್ಟ್ರಾಲ್ ನಾರ್ಮಲ್ ಇದೆ, ಎದೆನೋವು ಯಾವತ್ತೂ ಬಂದಿಲ್ಲ. ಆದರೂ ಹೆದರಬೇಕಾ ಡಾಕ್ಟ್ರೇ?

ಉತ್ತರ: ಹೆದರಬೇಡಿ. ಆದರೆ ಕೊಲೆಸ್ಟ್ರಾಲ್ ನಾರ್ಮಲ್, ಎದೆನೋವಿಲ್ಲ ಅಂತ ಧೈರ್ಯ ತಂದುಕೊಂಡಿದ್ದೀರಲ್ಲ, ಆ ಎರಡನ್ನೂ ಪೂರ್ತಿ ನಂಬಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆಂಟಿಬಾಡಿ ವಿಷಯ. ಹೊರಗಿನಿಂದ ಬಂದ ರೋಗಾಣುವನ್ನು ಹಿಡಿಯಬೇಕಾದದ್ದು ನಮ್ಮ ದೇಹದ ಭಾಗವನ್ನೇ ಪರಕೀಯ ಅಂದುಕೊಂಡರೆ ಅದು ಆಟೋಆಂಟಿಬಾಡಿ. ನಿಮ್ಮ ಆಂಟಿ ಸಿಸಿಪಿ ಅಂಥದ್ದು. ಅದು ನೇರವಾಗಿ ಹೋಗಿ ಹೃದಯವನ್ನು ಹೊಡೆಯುತ್ತದೆ ಅಂದುಕೊಳ್ಳಬೇಡಿ. ಜಾಸ್ತಿ ಕೆಲಸ ಮಾಡುವುದು ಅದರ ಜೊತೆಗೇ ಇರುವ ಉರಿಯೂತ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗದಂತೆ ಮಾಡುತ್ತದಲ್ಲ, ಅದೇ. ಅದು ಕೀಲಿನೊಳಗೆ ಮಾತ್ರ ಕೂತಿರುವುದಿಲ್ಲ, ರಕ್ತದಲ್ಲಿ ಇಡೀ ಮೈ ಸುತ್ತುತ್ತದೆ.

ಹೃದಯದ ರಕ್ತನಾಳದ ಗೋಡೆಯಲ್ಲಿ ವಯಸ್ಸಾದಂತೆ ಕೊಬ್ಬು ಸೇರಿ ಸಣ್ಣ ದಿಬ್ಬ ಏಳುತ್ತದೆ. ಅದರ ಮೇಲೊಂದು ಪೊರೆ ಇರುತ್ತದೆ. ಪೊರೆ ಗಟ್ಟಿ ಇದ್ದರೆ ದಿಬ್ಬ ವರ್ಷಗಟ್ಟಲೆ ಸುಮ್ನೆ ಇದ್ದುಬಿಡಬಹುದು. ಉರಿಯೂತ ಆ ಪೊರೆಯನ್ನು ತೆಳುವಾಗಿಸುತ್ತದೆ. ಒಂದು ದಿನ ಅದು ಒಡೆಯುತ್ತದೆ, ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ. ಹಾರ್ಟ್ ಅಟ್ಯಾಕ್ ಬಹುತೇಕ ಆಗುವುದು ಹೀಗೇ.

ಇದು ಬರೀ ಊಹೆಯಲ್ಲ. ಒಮ್ಮೆ ಹಾರ್ಟ್ ಅಟ್ಯಾಕ್ ಆಗಿದ್ದ ಸುಮಾರು 10 ಸಾವಿರ ಜನರ ಮೇಲೆ ನಡೆದ ಕ್ಯಾಂಟೋಸ್ ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಅದರಲ್ಲಿ ಕೊಟ್ಟ ಔಷಧಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸುವುದಿಲ್ಲ, ಉರಿಯೂತವನ್ನು ಮಾತ್ರ ತಗ್ಗಿಸುತ್ತದೆ. ಆದರೂ ಮತ್ತೆ ಅಟ್ಯಾಕ್, ಸ್ಟ್ರೋಕ್ ಆಗುವುದು ಶೇ 15ರಷ್ಟು ಕಡಿಮೆಯಾಯಿತು. ಸೋಂಕಿನಿಂದ ಸಾಯುವವರು ಸ್ವಲ್ಪ ಹೆಚ್ಚಾದ ಕಾರಣ ಆ ಔಷಧಿ ಹೃದ್ರೋಗಕ್ಕೆ ಬಳಕೆಗೆ ಬರಲಿಲ್ಲ, ಅದು ಬೇರೆ ಮಾತು.

ಈಗ ನಿಮ್ಮ ಕೊಲೆಸ್ಟ್ರಾಲ್. ಉರಿಯೂತ ಜೋರಾಗಿದ್ದಾಗ ರಕ್ತದಲ್ಲಿ ಎಲ್‌ಡಿಎಲ್ ತಾನಾಗಿಯೇ ಇಳಿಯುತ್ತದೆ. ಕೀಲು ಊದಿಕೊಂಡಿರುವ ದಿನಗಳಲ್ಲಿ ರಕ್ತ ಕೊಟ್ಟರೆ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ, ನೋಡಿದವರು ಖುಷಿಪಡುತ್ತಾರೆ. ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಇನ್ನೊಮ್ಮೆ ಮಾಡಿಸಿ. ಆಗ ಬರುವ ಅಂಕಿ ನಂಬಬಹುದಾದದ್ದು.

ಎದೆನೋವು ಬಂದಿಲ್ಲ ಅನ್ನುವುದೂ ಹಾಗೇ. ಮೆಟ್ಟಿಲು ಹತ್ತಿದರೆ, ಬೇಗ ನಡೆದರೆ ತಾನೇ ಎದೆ ಹಿಡಿದುಕೊಳ್ಳುವುದು? ಮಂಡಿ ನೋವಿನಿಂದ ನಾಲ್ಕು ಮೆಟ್ಟಿಲಿಗೇ ನಿಲ್ಲುವವರಿಗೆ ಆ ಪರೀಕ್ಷೆಯೇ ಆಗುವುದಿಲ್ಲ. ಅದೂ ಅಲ್ಲದೆ ಹೆಂಗಸರಲ್ಲಿ ಎದೆನೋವಿನ ಜೊತೆಗೋ, ಕೆಲವೊಮ್ಮೆ ಅದಿಲ್ಲದೆಯೋ, ದವಡೆ ಅಥವಾ ಬೆನ್ನಿನ ನೋವು, ಉಸಿರುಕಟ್ಟುವುದು, ವಾಕರಿಕೆ, ಕಾರಣವಿಲ್ಲದ ಸುಸ್ತು ಬರಬಹುದು. ಹಾಗೆ ಇದ್ದಕ್ಕಿದ್ದಂತೆ ಶುರುವಾದರೆ ಸಂಧಿವಾತದ ನೋವೇ ಇರಬೇಕು ಅಂತ ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಅಪಾಯ ಎಷ್ಟು ಅಂತ ಕೇಳುತ್ತೀರಿ. ಮಾಮೂಲಿ ಲೆಕ್ಕದಲ್ಲಿ ಬರುವ ಹೃದ್ರೋಗದ ಅಪಾಯವನ್ನು ನಿಮ್ಮ ಕಾಯಿಲೆ ಇರುವವರಿಗೆ ಒಂದೂವರೆ ಪಟ್ಟು ಮಾಡಿಕೊಳ್ಳಿ ಎಂದು ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಯೂಲಾರ್ ಹೇಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಎಲ್ಲರೂ ಹೃದಯ ನೋಡುತ್ತಾರೆ. ಸಂಧಿವಾತದಲ್ಲಿ ಕೀಲು ನೋಡುವವರು ಹೃದಯ ಕೇಳುವುದಿಲ್ಲ, ಹೃದಯ ನೋಡುವವರು ಕೀಲು ಕೇಳುವುದಿಲ್ಲ. ನಮ್ಮ ವೈದ್ಯರ ಕಡೆಯ ತಪ್ಪೇ ಇದು. ಹಾಗಾಗಿ ಮುಂದಿನ ಸಲ ನೀವೇ ಬಾಯಿಬಿಟ್ಟು ಕೇಳಿ: ನನ್ನ ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಲ್ಲ ಸೇರಿಸಿ ಹೃದಯದ ಲೆಕ್ಕ ಹಾಕಿದ್ದೀರಾ?

ಸಂಧಿವಾತದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಉರಿಯೂತ ಹಿಡಿತದಲ್ಲಿದ್ದರೆ ಹೃದಯಕ್ಕೂ ಒಳ್ಳೆಯದು. ಆದರೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು, ಸ್ಟೀರಾಯ್ಡನ್ನು ಹೆಚ್ಚು ಪ್ರಮಾಣದಲ್ಲಿ ಎಳೆಯುತ್ತಾ ಹೋಗುವುದು, ಎರಡೂ ಹೃದಯಕ್ಕೆ ಭಾರವೇ. ಸ್ಟೀರಾಯ್ಡನ್ನು ಮಾತ್ರ ಒಮ್ಮೆಲೇ ಬಿಡಬಾರದು, ವೈದ್ಯರು ಹೇಳಿದಂತೆ ಇಳಿಸಬೇಕು. ಸಿಗರೇಟು ಇದ್ದರೆ ಬಿಡಿ. ಹೊಗೆ ಶ್ವಾಸಕೋಶದ ಪ್ರೋಟೀನ್‌ಗಳ ರೂಪವನ್ನೇ ಬದಲಿಸುತ್ತದೆ, ಆಂಟಿ ಸಿಸಿಪಿ ಹುಟ್ಟುವ ದಾರಿಗಳಲ್ಲಿ ಅದೂ ಒಂದು.

ಪ್ರಶ್ನೆ: ನಾನು 29ರ ಯುವತಿ, ಆರೋಗ್ಯವಾಗಿದ್ದೇನೆ. ಸುಮ್ನೆ ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಎಎನ್‌ಎ ಪಾಸಿಟಿವ್, 1:80 ಅಂತ ಬಂದಿದೆ. ಲೂಪಸ್ ಇರುವವರಿಗೆ ಹಾರ್ಟ್ ಅಟ್ಯಾಕ್ 50 ಪಟ್ಟು ಜಾಸ್ತಿ ಎಂದು ಓದಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿದ್ದೆ ಮಾಡಿ. ಎಎನ್‌ಎ ಅಂದರೆ ಜೀವಕೋಶದ ನ್ಯೂಕ್ಲಿಯಸ್ಸನ್ನು ಗುರಿಮಾಡುವ ಆಟೋಆಂಟಿಬಾಡಿ. 1:80 ಅಂದರೆ ರಕ್ತದ ಮಾದರಿಯನ್ನು 80 ಪಟ್ಟು ತೆಳು ಮಾಡಿದಾಗಲೂ ಅದು ಕಂಡಿತು ಅಂತ. ಲೂಪಸ್ ಅಂದರೆ ಇಂಥ ಆಂಟಿಬಾಡಿಗಳು ಚರ್ಮ, ಕೀಲು, ಮೂತ್ರಪಿಂಡಗಳನ್ನು ಕೆಡಿಸುವ ಕಾಯಿಲೆ. ಪೂರ್ತಿ ಆರೋಗ್ಯವಾಗಿರುವವರಲ್ಲೂ ಎಂಟರಲ್ಲಿ ಒಬ್ಬರಿಗೆ 1:80ರಲ್ಲಿ ಎಎನ್‌ಎ ಪಾಸಿಟಿವ್ ಬರುತ್ತದೆ. ಕೀಲು ನೋವು, ಬಿಸಿಲಿಗೆ ಏಳುವ ಮುಖದ ಮೇಲಿನ ಕೆಂಪು, ಬಾಯಿಹುಣ್ಣು, ಮೂತ್ರದಲ್ಲಿ ಪ್ರೋಟೀನ್, ಇಂಥದ್ದೇನೂ ಇಲ್ಲದಿದ್ದರೆ ಇದನ್ನು ಲೂಪಸ್ ಅನ್ನುವುದಿಲ್ಲ.

ನೀವು ಓದಿದ 50 ಪಟ್ಟು 1997ರ ಒಂದು ಅಮೆರಿಕನ್ ಅಧ್ಯಯನದ ಮಾತು. ಅದು ಲೂಪಸ್ ಇರುವ 35ರಿಂದ 44ರ ಹೆಂಗಸರ ಬಗ್ಗೆ. ಆ ವಯಸ್ಸಿನ ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಅಪರೂಪ. ತುಂಬಾ ಸಣ್ಣ ಸಂಖ್ಯೆಯನ್ನು 50ರಿಂದ ಗುಣಿಸಿದ್ದಾರೆ, ಅಷ್ಟೇ. ಲೂಪಸ್ ಇರುವವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ನಿಮಗೆ ಅದು ಸಂಬಂಧವೇ ಇಲ್ಲ.

ಪ್ರಶ್ನೆ: ನನಗೆ 34. ಸಿಗರೇಟಿಲ್ಲ, ಶುಗರ್ ಇಲ್ಲ. ಎರಡು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಯಿತು. ಆಂಜಿಯೋಗ್ರಾಂನಲ್ಲಿ ನಾಳ ಹೆಚ್ಚುಕಡಿಮೆ ಸ್ವಚ್ಛ, ಆದರೆ ಒಂದು ಕಡೆ ದೊಡ್ಡ ರಕ್ತದ ಗಂಟು ಸಿಕ್ಕಿತಂತೆ. 'ಲೂಪಸ್ ಆಂಟಿಕೋಆಗ್ಯುಲಂಟ್' ಪಾಸಿಟಿವ್ ಬಂದಿದೆ. ಮೂರು ತಿಂಗಳಾದ ಮೇಲೆ ಮತ್ತೆ ಮಾಡಿಸಿ ಎಂದಿದ್ದಾರೆ. ನನಗೆ ಲೂಪಸ್ ಇಲ್ಲ. ಆಂಟಿಕೋಆಗ್ಯುಲಂಟ್ ಅಂದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವುದು ಅಲ್ವಾ? ಮತ್ತೆ ಗಂಟು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ಹೆಸರಿನ ಎರಡೂ ಪದಗಳು ದಾರಿ ತಪ್ಪಿಸುತ್ತವೆ. ಇದು ಇರುವ ಎಷ್ಟೋ ಜನರಿಗೆ ಲೂಪಸ್ ಇರುವುದಿಲ್ಲ. ಲ್ಯಾಬಿನ ಟ್ಯೂಬಿನಲ್ಲಿ ಈ ಆಂಟಿಬಾಡಿ ಪರೀಕ್ಷೆಗೆ ಹಾಕಿದ, ಹೆಪ್ಪುಗಟ್ಟಲು ಬೇಕಾದ ಫಾಸ್ಫೋಲಿಪಿಡ್ ಎಂಬ ಕೊಬ್ಬನ್ನು ಹಿಡಿದುಕೊಂಡುಬಿಡುತ್ತದೆ, ಹಾಗಾಗಿ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ದೇಹದೊಳಗೆ ಉಲ್ಟಾ. ರಕ್ತನಾಳದ ಒಳಪದರವನ್ನು, ಪ್ಲೇಟ್‌ಲೆಟ್‌ಗಳನ್ನು ಕೆರಳಿಸಿ ಹೆಪ್ಪುಗಟ್ಟಿಸುತ್ತದೆ. ಕೊಬ್ಬಿನ ದಿಬ್ಬ ಇಲ್ಲದ ನಾಳದಲ್ಲೂ ಗಂಟು ಕಟ್ಟಬಹುದು. ಮೇಲೆ ಹೇಳಿದ ಸಂಧಿವಾತದ ಕಥೆಗಿಂತ ಇದು ಬೇರೆ, ಇಲ್ಲಿ ಆಂಟಿಬಾಡಿಯೇ ನೇರ ಆರೋಪಿ. ಕಾಲಿನ ರಕ್ತನಾಳದಲ್ಲಿ ಗಂಟು, ಚಿಕ್ಕ ವಯಸ್ಸಿನ ಸ್ಟ್ರೋಕ್, ಪದೇ ಪದೇ ಗರ್ಭಪಾತ, ಇವುಗಳ ಹಿಂದೆಯೂ ಇದೇ ಇರಬಹುದು. ಲಂಡನ್‌ನ ಗ್ರಹಾಂ ಹ್ಯೂಸ್ 1983ರಲ್ಲಿ ಇವನ್ನೆಲ್ಲ ಒಂದೇ ಕಾಯಿಲೆಯಾಗಿ ಗುರುತಿಸಿದರು. ಈಗ ಅದನ್ನು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎನ್ನುತ್ತೇವೆ.

ಮತ್ತೆ ಯಾಕೆ ಟೆಸ್ಟ್? ಯಾವುದಾದರೂ ಸೋಂಕು ಬಂದಾಗ ಈ ಆಂಟಿಬಾಡಿ ಸ್ವಲ್ಪ ದಿನ ಕಾಣಿಸಿಕೊಂಡು ಹೋಗಿಬಿಡಬಹುದು. ಕನಿಷ್ಠ 12 ವಾರ ಬಿಟ್ಟು ಮಾಡಿದಾಗಲೂ ಇದ್ದರೆ ಮಾತ್ರ ಅದಕ್ಕೆ ಬೆಲೆ. ಜೊತೆಗೆ ಆಂಟಿಕಾರ್ಡಿಯೋಲಿಪಿನ್, ಆಂಟಿ ಬೀಟಾ 2 ಗ್ಲೈಕೋಪ್ರೋಟೀನ್ ಎಂಬ ಇನ್ನೆರಡನ್ನೂ ಮಾಡಿಸಿ. ಮೂರೂ ಪಾಸಿಟಿವ್ ಇದ್ದವರಿಗೆ ಅಪಾಯ ಹೆಚ್ಚು.

ಕಾಯಿಲೆ ಖಾತ್ರಿಯಾದರೆ ರಕ್ತ ತೆಳು ಮಾಡಲು ಸಾಮಾನ್ಯವಾಗಿ ಹಳೆಯ ವಾರ್ಫರಿನ್ ಮಾತ್ರೆಯನ್ನೇ ಕೊಡುತ್ತೇವೆ. ಪದೇ ಪದೇ ರಕ್ತ ಕೊಟ್ಟು, ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ ನೋಡಿಸಬೇಕು, ಕಿರಿಕಿರಿ ನಿಜ. ಆ ತಾಪತ್ರಯವಿಲ್ಲದ ಹೊಸ ಮಾತ್ರೆ ಬರೆಯಿರಿ ಎಂದು ಬಹಳ ಜನ ಕೇಳುತ್ತಾರೆ. ಮೂರೂ ಪಾಸಿಟಿವ್ ಇದ್ದವರಲ್ಲಿ ಹೊಸ ಮಾತ್ರೆ ರಿವರಾಕ್ಸಬಾನ್ ಕೊಟ್ಟು ನೋಡಿದ ಒಂದು ಪ್ರಯೋಗದ ವರದಿ 2018ರಲ್ಲಿ ಬಂತು. ಅದನ್ನು ತೆಗೆದುಕೊಂಡ 59 ಜನರಲ್ಲಿ ನಾಲ್ವರಿಗೆ ಸ್ಟ್ರೋಕ್, ಮೂವರಿಗೆ ಹಾರ್ಟ್ ಅಟ್ಯಾಕ್ ಆಯಿತು. ವಾರ್ಫರಿನ್ ಗುಂಪಿನಲ್ಲಿ ಒಂದೂ ಇಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.

ಎರಡನೇ ಟೆಸ್ಟ್ ಆಗುವವರೆಗೆ ಈಗಿನ ಯಾವ ಮಾತ್ರೆಯನ್ನೂ ಬಿಡಬೇಡಿ. ಎರಡನೇ ಟೆಸ್ಟ್‌ಗೆ ಹೋಗುವಾಗ ಯಾವ್ಯಾವ ಮಾತ್ರೆ, ಇಂಜೆಕ್ಷನ್ ನಡೆಯುತ್ತಿದೆ ಎಂದು ಲ್ಯಾಬಿನವರಿಗೆ ಬರೆದುಕೊಡಿ. ರಕ್ತ ತೆಳು ಮಾಡುವ ಔಷಧಿಗಳೇ ಈ ಪರೀಕ್ಷೆಯನ್ನು ಸುಳ್ಳು ಪಾಸಿಟಿವ್ ಮಾಡಬಲ್ಲವು. ಮೊದಲ ಸಲ ರಕ್ತ ಕೊಟ್ಟಾಗ ಅಂಥದ್ದೇ ಇಂಜೆಕ್ಷನ್ ಹೆಪಾರಿನ್ ನಡೆಯುತ್ತಿತ್ತಾ ಅಂತ ಡಿಸ್ಚಾರ್ಜ್ ಹಾಳೆಯಲ್ಲಿ ಒಮ್ಮೆ ನೋಡಿ.