ಓದುಗರ ಪ್ರಶ್ನೆ: ಹತ್ತಡಿ ಗೇಟಿನೊಳಗೆ ದೋಣಿ ಟ್ರೈಲರ್ ಹಾಕೋದು ಹೇಗೆ?

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. 14 ಅಡಿಯ ಫೈಬರ್ ದೋಣಿ, ಅದಕ್ಕೊಂದು ಔಟ್‌ಬೋರ್ಡ್ ಮೋಟಾರು. ಎರಡು ಗಾಲಿಯ ಟ್ರೈಲರ್ ಮೂಕಿಯಿಂದ (ಜೀಪಿಗೆ ಸಿಕ್ಕಿಸುವ ಮುಂದಿನ ತುದಿ) ಹಿಂದಿನ ತುದಿವರೆಗೆ 17 ಅಡಿ ಉದ್ದ, ಐದೂವರೆ ಅಡಿ ಅಗಲ. ಎಲ್ಲ ಸೇರಿ 450 ಕೆ.ಜಿ. ಇರಬಹುದು. ಮನೆ ಮುಂದಿನ ದಾರಿ 12 ಅಡಿ, ಗೇಟಿನ ಕಡೆ ಧರೆ (ಕಡಿದಾದ ಮಣ್ಣಿನ ದಿಬ್ಬ), ಎದುರಿಗೆ ತೋಟದ ಅಗಳು (ಕಂದಕ). ಗೇಟು 10 ಅಡಿ, ಬರುವಾಗ ಎಡಗಡೆ ಸಿಗುತ್ತದೆ. ಜೀಪಲ್ಲಿ ರಿವರ್ಸ್ ಹಾಕಿದರೆ ಪ್ರತಿ ಸಲ ಟ್ರೈಲರ್ ಮಡಚಿಕೊಂಡು ಬಿಡುತ್ತದೆ. ಗೇಟು ಒಡೆದು ದೊಡ್ಡದು ಮಾಡಿಸೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. ಮಳೆಗಾಲಕ್ಕೆ ದೋಣಿ ಒಳಗೆ ಬರಲೇಬೇಕು, ಏನು ಮಾಡಲಿ?

ಉತ್ತರ: ಅಪ್ಪ ಹೇಳಿದ್ದೇ ಸರಿ, ಗೇಟು ಒಡೆಯೋದು ಬೇಡ. ನೀವು ಕೊಟ್ಟ ಅಳತೆ ನೋಡಿದರೆ ಟ್ರೈಲರ್ ಒಳಗೆ ಹೋಗುತ್ತದೆ. ಹೋಗದೇ ಇರೋದು ಟ್ರೈಲರ್ ಮತ್ತು ಜೀಪು ಎರಡೂ ಒಟ್ಟಿಗೆ. ಅಷ್ಟು ಇಕ್ಕಟ್ಟಿನಲ್ಲಿ ಇಡೀ ತಿರುವನ್ನು ಜೀಪಿನಿಂದಲೇ ಮುಗಿಸ್ತೀನಿ ಅಂತ ಹಟ ಮಾಡಬೇಡಿ.

ಮೊದಲು ಬರುವ ದಿಕ್ಕು ಬದಲಿಸಿ. ನಮ್ಮ ಗಾಡಿಗಳಲ್ಲಿ ಡ್ರೈವರ್ ಕೂರೋದು ಬಲಕ್ಕೆ, ನಿಮ್ಮ ಗೇಟು ಸಿಗೋದು ಎಡಕ್ಕೆ. ಅಂದರೆ ತಿರುವಿನ ಒಳಮೂಲೆ ನಿಮಗೆ ಕಾಣೋದೇ ಇಲ್ಲ, ಟ್ರೈಲರ್ ಸ್ವಲ್ಪ ಬಾಗಿದ ಕೂಡಲೇ ಎಡಗಡೆ ಕನ್ನಡಿಯಲ್ಲಿ ಬರೀ ದೋಣಿಯ ಮೈ ತುಂಬಿಕೊಳ್ಳುತ್ತದೆ. ಗೇಟು ದಾಟಿ ಮುಂದೆ ಹೋಗಿ, ಎಲ್ಲಾದರೂ ಅಗಲ ಜಾಗದಲ್ಲಿ ತಿರುಗಿಸಿಕೊಂಡು ವಾಪಸ್ ಬನ್ನಿ. ಆಗ ಗೇಟು ಬಲಕ್ಕೆ ಬರುತ್ತದೆ, ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಗಾಲಿಯೂ ಗೇಟಿನ ಕಂಬವೂ ಒಟ್ಟಿಗೆ ಕಾಣುತ್ತವೆ.

ಸ್ಟೀರಿಂಗನ್ನು ಕೆಳಗಡೆ ಹಿಡಿಯಿರಿ. ಕೈ ಯಾವ ಕಡೆ ಹೋಗುತ್ತದೋ ಟ್ರೈಲರಿನ ಬಾಲ ಆ ಕಡೆಗೇ ಹೋಗುತ್ತದೆ, ಲೆಕ್ಕ ಹಾಕೋ ತಲೆನೋವು ಇಲ್ಲ. ಬಾಲ ಗೇಟಿನ ಕಡೆ ತಿರುಗಲು ಶುರುವಾದ ಮೇಲೆ ಕೈ ಎಡಕ್ಕೆ ತಂದು ಜೀಪು ಅದರ ಹಿಂದೆ ಹೋಗುವ ಹಾಗೆ ಮಾಡಬೇಕು. ಇದು ತಡವಾದರೆ ಮಡಚಿಕೊಳ್ಳೋದು ಗ್ಯಾರಂಟಿ. ಮಡಚಿಕೊಳ್ಳುತ್ತಿದೆ ಅನ್ನಿಸಿದರೆ ರಿವರ್ಸಲ್ಲೇ ಸರಿ ಮಾಡಲು ಹೋಗದೆ ನಾಲ್ಕಡಿ ಮುಂದೆ ಹೋಗಿ ನೇರ ಮಾಡಿಕೊಳ್ಳಿ. ಇನ್ನೊಂದು, ಜೀಪು ಹಿಂಬಾಲಿಸುವಾಗ ಅದರ ಮೂತಿ ಅಗಳಿನ ಕಡೆ ಎಸೆಯುತ್ತದೆ. ಎಲ್ಲರೂ ದೋಣಿಯನ್ನೇ ನೋಡುತ್ತಾ ನಿಂತಿರುತ್ತಾರೆ, ಜೀಪಿನ ಎಡ ಮುಂಗಾಲಿ ನಿಧಾನಕ್ಕೆ ಅಗಳಿನ ಅಂಚಿಗೆ ಹೋಗಿರುತ್ತದೆ! ಆ ಗಾಲಿ ನೋಡೋಕೆ ಅಂತಲೇ ಒಬ್ಬರನ್ನು ನಿಲ್ಲಿಸಿ. ಆದರೆ ‘ಬರ್ಲಿ ಬರ್ಲಿ’ ಅನ್ನೋರು ಒಬ್ಬರೇ ಇರಲಿ, ಆ ಇನ್ನೊಬ್ಬರಿಗೆ ‘ಹೋಲ್ಡಾನ್’ ಬಿಟ್ಟರೆ ಬೇರೆ ಮಾತೇ ಬೇಡ.

ಟ್ರೈಲರಿನ ಬಾಲ ಗೇಟಿನ ಬಾಯಿಗೆ ಬಂತು ಅನ್ನಿ, ಅಲ್ಲಿಗೆ ಜೀಪಿನ ಕೆಲಸ ಸಾಕು. ಟ್ರೈಲರಿನ ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಆಮೇಲೆ ಬಿಚ್ಚಿ. ಕಲ್ಲು ಕೊಡದೆ ಕೊಕ್ಕೆಗೆ ಕೈ ಹಾಕಲೇಬೇಡಿ, ಮಲೆನಾಡಲ್ಲಿ ಸಮತಟ್ಟು ದಾರಿ ಅನ್ನೋದು ಎಲ್ಲಿದೆ? ಒಂದೇ ಅಚ್ಚಿನ ಟ್ರೈಲರಿನಲ್ಲಿ ಮೂಕಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ಶೇ 5ರಿಂದ 10 ಇರಬೇಕು. ನಿಮ್ಮದರಲ್ಲಿ ಅದು ಹೆಚ್ಚೆಂದರೆ 45 ಕೆ.ಜಿ., ಒಂದು ಮೂಟೆ ಸಿಮೆಂಟಿಗಿಂತ ಕಮ್ಮಿ. ಮೂಕಿಗೆ ಒಂದು ಜಾಕಿ ಗಾಲಿ (ಮೂಕಿಯನ್ನು ಎತ್ತಿ ಹಿಡಿಯುವ ಸಣ್ಣ ಗಾಲಿ) ಹಾಕಿಸಿದರೆ ಇಬ್ಬರು ಮೂರು ಜನ ನಿಂತ ಜಾಗದಲ್ಲೇ ತಿರುಗಿಸಬಹುದು. ಟೈರಿಗೆ ಗಾಳಿ ಸರಿಯಾಗಿರಲಿ. ಹಸಿ ಅಂಗಳದಲ್ಲಿ ಜಾಕಿ ಗಾಲಿ ಕೆಸರಿಗೆ ಇಳಿಯುತ್ತದೆ, ಕೆಳಗೆ ಹಲಗೆ ಹಾಸಿ. ಅಂಗಳ ಏರು ಇದ್ದರೆ ಕೈಬಲ ಸಾಲೋದಿಲ್ಲ. ಹಲಸಿನ ಮರಕ್ಕೋ ಇನ್ಯಾವುದಾದರೂ ಗಟ್ಟಿ ಮರಕ್ಕೋ ಅಗಲದ ಬೆಲ್ಟು ಸುತ್ತಿ ಚೈನ್ ಪುಲ್ಲಿಯಲ್ಲಿ ಎಳೆಯಿರಿ. ಕೊಂಡಿಯನ್ನು ಟ್ರೈಲರಿನ ಚಾಸಿಗೆ ಹಾಕಿ, ದೋಣಿಗಲ್ಲ. ಎಳೆದಷ್ಟೂ ಹಿಂದಿನಿಂದ ಕಲ್ಲು ಸರಿಸಿಕೊಂಡು ಬನ್ನಿ.

ಇದಕ್ಕೆಲ್ಲ ಮೊದಲು ಒಂದು ಕೆಲಸ ಮಾಡಿ, ಖರ್ಚಿಲ್ಲದ್ದು. 17 ಅಡಿಯ ಎರಡು ಅಡಿಕೆ ದಬ್ಬೆ ತಗೊಂಡು ನಡುವೆ ಅಡ್ಡಪಟ್ಟಿ ಕಟ್ಟಿ, ಟ್ರೈಲರಿನಷ್ಟೇ ಅಗಲದ ಚೌಕಟ್ಟು ಮಾಡಿ. ಮೂಕಿ ಕಡೆ ಎರಡೂ ತುದಿ ಸೇರಿಸಿ ಚೂಪು ಮಾಡಿ. ಅಚ್ಚು ಎಲ್ಲಿ ಬರುತ್ತದೋ ಅಲ್ಲಿ ಕೆಂಪು ಬಟ್ಟೆ ಕಟ್ಟಿ. ಈಗ ನಾಲ್ಕು ಜನ ಹಿಡಿದುಕೊಂಡು ದಾರಿಯಿಂದ ಗೇಟಿನೊಳಗೆ ಹೋಗಿ. ಷರತ್ತು ಇಷ್ಟೇ, ಕೆಂಪು ಬಟ್ಟೆ ಇರುವ ಜಾಗ ಹಿಂದೆ ಮುಂದೆ ಹೋಗಬಹುದು, ತಿರುಗಬಹುದು, ಅಡ್ಡಡ್ಡ ಮಾತ್ರ ಸರಿಯುವಂತಿಲ್ಲ. ತುಳಸಿಕಟ್ಟೆ ಅಡ್ಡ ಬರುತ್ತದೋ, ಚಪ್ಪರದ ಯಾವ ಕಂಬ ತೆಗೀಬೇಕೋ, ಎಲ್ಲ ಆಗಲೇ ಗೊತ್ತಾಗುತ್ತದೆ. ಗೇಟಿನ ರೆಕ್ಕೆ ತಿರುಗಣೆಯಿಂದ ಎತ್ತಿ ತೆಗೆದರೆ ಇನ್ನೂ ನಾಲ್ಕೈದು ಇಂಚು ಸಿಗಬಹುದು. ಅಂದ ಹಾಗೆ, ಮೋಟಾರು ಮೇಲೆತ್ತಿ ಲಾಕ್ ಮಾಡಿದಾಗ ಅದು ಹಿಂದಕ್ಕೆ ಎಷ್ಟು ಚಾಚುತ್ತದೆ ಅಂತ ಅಳೆದಿದ್ದೀರಾ? 17 ಅಡಿಯಲ್ಲಿ ಅದು ಸೇರಿಲ್ಲ ಅಂತ ನನಗೆ ಅನುಮಾನ.

ಒಳಗೆ ಬಂದ ಮೇಲೆ ಮೂತಿ ಎತ್ತರಕ್ಕಿಟ್ಟು ತಳದ ಬಿರಡೆ ತೆಗೆದಿಡಿ. ನಮ್ಮ ಮಳೆಗೆ ಟಾರ್ಪಾಲು ಒಂದು ಕಡೆ ಜಾರಿದರೂ ಕತೆ ಮುಗೀತು. ಮೂರು ಚದರ ಮೀಟರ್ ತಳದಲ್ಲಿ 10 ಸೆಂ.ಮೀ. ನೀರು ನಿಂತರೆ 300 ಲೀಟರ್, ಅಂದರೆ 300 ಕೆ.ಜಿ. ಆಮೇಲೆ ಯಾರು ತಳ್ಳಿದರೂ ಅದು ಅಲ್ಲಾಡೋದಿಲ್ಲ.

ಪ್ರಶ್ನೆ: ಜೀಪಿನ ಮುಂದೆಯೇ ಕೊಕ್ಕೆ ಹಾಕಿಸಿ ಟ್ರೈಲರನ್ನು ತಳ್ಳಿದರೆ ಸುಲಭವಂತೆ, ಹೌದಾ? ಇಲ್ಲಾ ರಿವರ್ಸ್ ಕ್ಯಾಮೆರಾ ಹಾಕಿಸಲಾ? (ಹೊಸನಗರದಿಂದ)

ಉತ್ತರ: ಮುಂದಿನ ಕೊಕ್ಕೆ ನಿಜಕ್ಕೂ ಸುಲಭ. ಎಲ್ಲ ಕಣ್ಣ ಮುಂದೆಯೇ ಇರುತ್ತದೆ, ತಿರುಗುವ ಗಾಲಿಗಳು ಕೊಕ್ಕೆಯ ಪಕ್ಕದಲ್ಲೇ ಇರೋದರಿಂದ ಸ್ಟೀರಿಂಗ್ ಆಡಿಸಿದ ಕೂಡಲೇ ಟ್ರೈಲರ್ ಮಾತು ಕೇಳುತ್ತದೆ. ಆದರೆ ಅದನ್ನು ಚಾಸಿಗೇ ಕೂರಿಸಬೇಕು, ಚಂದಕ್ಕೆ ಹಾಕಿಸಿದ ಬಂಪರ್ ಗಾರ್ಡಿಗೆ ವೆಲ್ಡಿಂಗ್ ಮಾಡಿಸಬೇಡಿ. ಅಂಗಳದಲ್ಲಿ ಮಾತ್ರ ಬಳಸಿ, ರಸ್ತೆಗೆ ಬೇಡ. ಜೀಪಿನ ಹಿಂದೆ ಕ್ಯಾಮೆರಾ ಹಾಕಿಸಿದರೆ ಕೊಕ್ಕೆ ಕೂರಿಸುವಾಗ ಉಪಯೋಗ, ರಿವರ್ಸ್ ಹೋಗುವಾಗ ಅದಕ್ಕೆ ದೋಣಿಯ ಮೂತಿ ಬಿಟ್ಟು ಏನೂ ಕಾಣೋದಿಲ್ಲ. ಆ ದುಡ್ಡಲ್ಲಿ ಮೊದಲು ಜಾಕಿ ಗಾಲಿ ಹಾಕಿಸಿ.