ಪ್ರೂಫ್ ಇಲ್ದೆ ದೇವರನ್ನ ನಂಬೋದು ಪೆದ್ದುತನಾನಾ?

ಪ್ರಶ್ನೆ: ಸರ್, ದಿನಾ ದೀಪ ಹಚ್ಚಿ ಕೈ ಮುಗಿದೇ ಆಫೀಸಿಗೆ ಹೋಗೋಳು ನಾನು. ಟೀಮಲ್ಲಿರೋ ಫ್ರೆಂಡ್ ಒಬ್ಬ 'ಪ್ರೂಫ್ ಇಲ್ದೆ ಏನನ್ನೂ ನಂಬಬಾರ್ದು' ಅಂತ ಕಾಡ್ತಾನೆ. ಗಡಿಯಾರ ಇದ್ರೆ ಮಾಡಿದೋನು ಇರ್ಲೇಬೇಕಲ್ವಾ ಅಂದೆ, ನಕ್ಕುಬಿಟ್ಟ. ಏನು ಹೇಳ್ಲಿ?

ಉತ್ತರ: ಮೊದ್ಲು ಆ ಗಡಿಯಾರ ಬಿಟ್ಬಿಡಿ ಮೇಡಂ. ನಮ್ಮಲ್ಲಿ ಅದು ಮಡಕೆ-ಕುಂಬಾರನ ವಾದ, ತರ್ಕಕ್ಕೆ ಹೆಸರಾದ ನ್ಯಾಯದರ್ಶನದ ಉದಯನಾಚಾರ್ಯರು ಜೋರಾಗೇ ಮಂಡಿಸಿದ್ರು. ತಮಾಷೆ ಏನಂದ್ರೆ ಇದನ್ನ ಒಪ್ಪದೇ ಇದ್ದೋರು ನಾಸ್ತಿಕರಷ್ಟೇ ಅಲ್ಲ, ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದ ರಾಮಾನುಜಾಚಾರ್ಯರೂ ಒಪ್ಪಲಿಲ್ಲ. ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ಅವ್ರು ಕೇಳೋದು, ಬೆಟ್ಟ ಸಮುದ್ರ ಎಲ್ಲಾ ಒಬ್ಬನೇ ಒಂದೇ ಸಲ ಮಾಡಿದ ಅನ್ನೋಕೆ ಏನು ಆಧಾರ, ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಮಾಡಿರಬಹುದಲ್ಲ, ಮತ್ತೆ ನಾವು ನೋಡಿರೋ ಕುಂಬಾರರಿಗೆಲ್ಲಾ ಮೈಕೈ ಇದೆ, ಹಾಗಾದ್ರೆ ದೇವರಿಗೂ ಇರ್ಬೇಕಾ ಅಂತ. ದೇವರನ್ನ ತಿಳಿಯೋಕೆ ಶಾಸ್ತ್ರಾನೇ ದಾರಿ, ಬರೀ ತರ್ಕದಿಂದ ಊಹಿಸಿ ಆಗಲ್ಲ ಅನ್ನೋದು ಅವ್ರ ನಿಲುವು. ಉಡುಪಿಯ ಮಧ್ವಾಚಾರ್ಯರದ್ದೂ ಹೆಚ್ಚುಕಮ್ಮಿ ಅದೇ.

ಇನ್ನು ಫ್ರೆಂಡಿನ ರೂಲು. 1877ರಲ್ಲಿ ಕ್ಲಿಫರ್ಡ್ ಅನ್ನೋ ಇಂಗ್ಲಿಷ್ ಗಣಿತಜ್ಞ ಇದನ್ನೇ ಹೇಳಿದ್ದ, ಹಳೇ ಹಡಗನ್ನ ಚೆಕ್ ಮಾಡಿಸ್ದೆ 'ಏನಾಗಲ್ಲ ಬಿಡು' ಅಂತ ಜನರನ್ನ ಹತ್ತಿಸಿ ಮುಳುಗಿಸಿದ ಮಾಲೀಕನ ಕಥೆ ಕಟ್ಟಿ. ಹಡಗಿಗೆ ಸರೀನೇ. ಆದ್ರೆ ಆ ರೂಲಿಗೇ ಪ್ರೂಫ್ ಎಲ್ಲಿದೆ ಅಂತ ಒಂದ್ಸಲ ಕೇಳಿ ನೋಡಿ.

ನನಗೆ ಗಟ್ಟಿ ಅನ್ಸೋದು ವೇದದ ಅರ್ಥ ವಿಚಾರ ಮಾಡೋ ಮೀಮಾಂಸಕರ ಸ್ವತಃಪ್ರಾಮಾಣ್ಯ, ಅಂದ್ರೆ ತಿಳುವಳಿಕೆ ತಾನಾಗೇ ಸರಿ ಅನ್ನೋ ಮಾತು. ಹಾಲ್‌ನಲ್ಲಿ ಕೂತಿದೀರ, ಡಿಕಾಕ್ಷನ್ ವಾಸನೆ ಬಂತು, ಅಮ್ಮ ಕಾಫಿ ಮಾಡ್ತಿದಾರೆ ಅಂದ್ಕೋತೀರ. ಅದಕ್ಕೆ ಯಾರೂ ಪ್ರೂಫ್ ಕೇಳಲ್ಲ, ಅಡುಗೆಮನೆಗೆ ಹೋಗಿ ನೋಡಿದಾಗ ಒಲೆ ತಣ್ಣಗಿದ್ರೆ, ಓ ವಾಸನೆ ಪಕ್ಕದ ಮನೇದು ಅಂತ ಗೊತ್ತಾದ್ರೆ, ಆಗ ಆ ತಿಳುವಳಿಕೆ ಬಿದ್ದೋಯ್ತು. ಅಂದ್ರೆ ಬಾಧಕ, ಅದು ತಪ್ಪು ಅಂತ ತೋರಿಸೋ ವಿಷಯ, ಬರೋವರೆಗೂ ತಿಳುವಳಿಕೆ ತಾನಾಗೇ ನಿಲ್ಲುತ್ತೆ. ಅಮೆರಿಕದ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ 1980ರ ದಶಕದಲ್ಲಿ ದೇವರ ನಂಬಿಕೆ ಬಗ್ಗೆ ಇದಕ್ಕೆ ಹತ್ತಿರದ ಮಾತೇ ಹೇಳಿದ್ರು, ಬೇರೆ ವಾದದ ಆಸರೆ ಇಲ್ದೇನೂ ಅದು ನ್ಯಾಯವಾಗೇ ಇರಬಹುದು ಅಂತ.

ಇದರಲ್ಲೊಂದು ತೊಡಕಿದೆ, ಮುಚ್ಚಿಡಲ್ಲ. ಹುಣಸೆಮರದ ದೆವ್ವ ನಂಬೋನೂ ಇದೇ ಮಾತು ಹೇಳಬಹುದು. ಹಾಗಾಗಿ ಈ ವಾದ ನಿಮ್ಮನ್ನ ಪೆದ್ದು ಅಂತ ಕರೆಯೋದನ್ನ ತಡೆಯುತ್ತೆ, ದೇವರಿದಾನೆ ಅಂತ ಸಾಬೀತು ಮಾಡಲ್ಲ. ನಾಳೆ ನಿಮ್ಮ ಫ್ರೆಂಡು ಪ್ರೂಫ್ ಬಿಟ್ಟು 'ದೇವರು ಒಳ್ಳೆಯವನಾದ್ರೆ ಮಗುಗೆ ಕ್ಯಾನ್ಸರ್ ಯಾಕೆ' ಅಂತ ಕೇಳಿದ್ರೆ ಮೇಲಿನ ಉತ್ತರ ಕೊಟ್ಟು ಜಾರ್ಕೋಬೇಡಿ. ಆಗ ಅವನು ಅಡುಗೆಮನೆಗೆ ಹೋಗಿ ಒಲೆ ಮುಟ್ಟಿ ನೋಡು ಅಂತಿದಾನೆ, ಎದ್ದು ಹೋಗ್ಲೇಬೇಕು.