ಪಾಸ್ ಒತ್ತಿದ ಜಾಗ

ಬೆಳಗಾವಿ ಟಿಳಕವಾಡಿಯ ಎರಡನೇ ರೈಲ್ವೆ ಗೇಟ್ ಹತ್ತಿರ 1986ರಿಂದ 2004ರವರೆಗೆ ನನ್ನದೊಂದು ವಿಡಿಯೊ ಲೈಬ್ರರಿ ಇತ್ತು. ಕನ್ನಡ, ಹಿಂದಿ ಸಿನಿಮಾ, ಮರಾಠಿ ನಾಟಕ ಎಲ್ಲ ಸಿಗುತ್ತಿದ್ದವು. ಒಂದು ಕಪಾಟು ಮಾತ್ರ ಇಂಗ್ಲಿಷ್ ರಾಕ್ ಬ್ಯಾಂಡ್‌ಗಳ ಕಛೇರಿಗಳದ್ದು. ಹೋದ ಸಂಚಿಕೆಯಲ್ಲಿ ಆ ಕಪಾಟಿನ ಬಗ್ಗೆ ನಾಲ್ಕು ಸಾಲು ಬರೆದೆ, ಅಷ್ಟೇ. ಟಿವಿ ರಿಪೇರಿ ಬಗ್ಗೆ ಕೇಳುತ್ತಿದ್ದವರೆಲ್ಲ ಈ ಸಲ ಅದನ್ನೇ ಕೇಳಿದ್ದಾರೆ. ಆಗಲಿ, ಈ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ನಾನು ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದೇನೆ. ನಮ್ಮಣ್ಣನ ಹತ್ತಿರ ಲೆಡ್ ಝೆಪ್ಲಿನ್ ಬ್ಯಾಂಡಿನ ‘ದಿ ಸಾಂಗ್ ರಿಮೇನ್ಸ್ ದಿ ಸೇಮ್’ ಕಛೇರಿಯ ಡಿವಿಡಿ ಇದೆ, ಅದೇ ಕಛೇರಿಯ ಆಡಿಯೊ ಸಿಡಿಯೂ ಇದೆ. ಹಾರ್ಮೋನಿಯಂ ಇಟ್ಟುಕೊಂಡು ನೋಡಿದರೆ ಡಿವಿಡಿಯಲ್ಲಿ ಶ್ರುತಿ ಏರಿದೆ. ನನ್ನ ಕಿವಿಯೇ ಸರಿಯಿಲ್ಲ ಅಂತಾನೆ ಅಣ್ಣ. ಯಾರು ಸರಿ?
– ಸಂಗೀತ ವಿದ್ಯಾರ್ಥಿನಿ, ವಿದ್ಯಾಗಿರಿ, ಬಾಗಲಕೋಟೆ

ನಿಮ್ಮ ಕಿವಿ ಸರಿಯಾಗಿದೆ ತಂಗಿ. ಅಣ್ಣನಿಗೆ ಈ ಪುಟ ತೋರಿಸಿ.

ಆ ಕಛೇರಿ ನಡೆದದ್ದು 1973ರ ಜುಲೈನಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಸಿನಿಮಾ ಆಗಿ ತೆರೆಗೆ ಬಂದದ್ದು 1976ರಲ್ಲಿ. ಅದನ್ನು ಫಿಲ್ಮ್ ಮೇಲೆ ತೆಗೆದರು. ಫಿಲ್ಮ್ ಸೆಕೆಂಡಿಗೆ 24 ಚಿತ್ರ ಓಡುತ್ತದೆ. ನಮ್ಮ ದೇಶದ ಹಳೆ ಟಿವಿ ಪದ್ಧತಿ ಪಾಲ್. ಅದರಲ್ಲಿ ಸೆಕೆಂಡಿಗೆ 25. ಆ ಒಂದು ಚಿತ್ರದ ವ್ಯತ್ಯಾಸ ಸರಿಮಾಡಲು ಸುಲಭದ ದಾರಿ ಏನು ಗೊತ್ತಾ? ಇಡೀ ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸಿಬಿಡುವುದು. ನೂರಕ್ಕೆ 4ರಷ್ಟು ವೇಗ ಹೆಚ್ಚುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ದನಿಯೂ ಚಿತ್ರದ ಜೊತೆಗೇ ಓಡಬೇಕಲ್ಲ, ಅದೂ ಏರುತ್ತದೆ. ಎಷ್ಟು ಅಂದರೆ, ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರದಲ್ಲಿ ಹತ್ತಕ್ಕೆ ಏಳು ಪಾಲು. ಬಿಳಿ ಒಂದರಲ್ಲಿ ಇರಬೇಕಾದ್ದು ಕಪ್ಪು ಒಂದರ ಬಾಗಿಲಿಗೆ ಬಂದು ನಿಂತಿರುತ್ತದೆ, ಒಳಗೆ ಹೋಗಿರುವುದಿಲ್ಲ. ನಿಮಗೆ ಕಿರಿಕಿರಿ ಆಗಿದ್ದು ಅದಕ್ಕೇ. ಪೂರ್ತಿ ಒಂದು ಮನೆ ಏರಿದ್ದರೆ ಇಷ್ಟು ಕಾಡುತ್ತಿರಲಿಲ್ಲ.

ಪರೀಕ್ಷೆ ಸುಲಭ. ಡಿವಿಡಿ ಎಷ್ಟು ನಿಮಿಷ ಓಡುತ್ತದೆ ನೋಡಿ. ಥಿಯೇಟರಿನಲ್ಲಿ 2 ಗಂಟೆ ಓಡಿದ್ದು ಪಾಲ್ ಡಿಸ್ಕಿನಲ್ಲಿ ಸುಮಾರು 5 ನಿಮಿಷ ಮೊದಲೇ ಮುಗಿಯುತ್ತದೆ. ವುಡ್‌ಸ್ಟಾಕ್ ಸಂಗೀತ ಉತ್ಸವದ ಸಿನಿಮಾ ಮೊದಲು ತೆರೆಗೆ ಬಂದಾಗ 184 ನಿಮಿಷ. ಅದು 177ಕ್ಕೇ ಮುಗಿದರೆ ನಿಮಗೆ ಯಾರೂ ಹಾಡು ಕತ್ತರಿಸಿ ಮೋಸ ಮಾಡಿಲ್ಲ, ಓಡಿಸಿದ್ದಾರೆ ಅಷ್ಟೇ. ಕೆಲವು ಕಂಪನಿಗಳು ಶ್ರುತಿಯನ್ನು ಮತ್ತೆ ಇಳಿಸಿ ಕೊಡುತ್ತವೆ, ಎಲ್ಲರೂ ಅಲ್ಲ. ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ಅದರ ಡಿಸ್ಕಿನಲ್ಲಿ ಈ ತೊಂದರೆ ಇಲ್ಲ. ಅವರು ವೇಗ ಹೆಚ್ಚಿಸುವುದಿಲ್ಲ, ಕೆಲವು ಚಿತ್ರಗಳನ್ನು ಎರಡೆರಡು ಸಲ ತೋರಿಸಿ ಲೆಕ್ಕ ತುಂಬಿಸುತ್ತಾರೆ.

ಅಣ್ಣನನ್ನು ಇನ್ನೊಂದು ವಿಷಯದಲ್ಲೂ ಕೆಣಕಬಹುದು. ಆ ಸಿನಿಮಾದಲ್ಲಿ ಬೇಸ್ ನುಡಿಸುವ ಜಾನ್ ಪಾಲ್ ಜೋನ್ಸ್‌ ಅವರ ಕೂದಲು ಗಮನಿಸಲು ಹೇಳಿ. ನ್ಯೂಯಾರ್ಕಿನಲ್ಲಿ ತೆಗೆದದ್ದು ಸಾಲದೆ, ಆಮೇಲೆ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದಲ್ಲಿ ಕೆಲವು ಭಾಗ ಮತ್ತೆ ತೆಗೆದರು. ಅಷ್ಟರಲ್ಲಿ ಜೋನ್ಸ್ ಕಟಿಂಗ್ ಮಾಡಿಸಿಕೊಂಡಿದ್ದರು. ವಿಗ್ ಹಾಕಿಸಿ ಕೂರಿಸಿದರು.

ಪ್ರಶ್ನೆ: ನಿಮ್ಮ ಕಾಲದಲ್ಲಿ ಈ ಕ್ಯಾಸೆಟ್‌ಗಳು ಬೆಳಗಾವಿಗೆ ಎಲ್ಲಿಂದ ಬರುತ್ತಿದ್ದವು? ನೋಡುವವರು ಯಾರಿದ್ದರು?
– ಕಾಲೇಜು ವಿದ್ಯಾರ್ಥಿ, ಮುಧೋಳ

ಗೋವಾದಿಂದ ಬರುತ್ತಿದ್ದವು ತಮ್ಮಾ. ಹಡಗಿನಲ್ಲಿ ಕೆಲಸ ಮಾಡುವ ವಾಸ್ಕೋದ ಹುಡುಗರು ರಜೆಗೆ ಬಂದಾಗ ತರುತ್ತಿದ್ದರು. ಕ್ಯಾಂಪ್ ಕಡೆಯ ಮಿಲಿಟರಿ ಮನೆಗಳಲ್ಲೂ ಒಂದೆರಡು ಇರುತ್ತಿದ್ದವು. ಗಿರಾಕಿಗಳು ಹೆಚ್ಚಾಗಿ ಹಾಸ್ಟೆಲ್ ಹುಡುಗರು. ಟಿವಿ, ವಿಸಿಆರ್, ಮೂರು ಕ್ಯಾಸೆಟ್ ಸೇರಿಸಿ ರಾತ್ರಿಗೆ ಬಾಡಿಗೆ. ಹತ್ತು ಜನ ಪಟ್ಟಿ ಹಾಕಿ ತಗೊಂಡು ಹೋಗುತ್ತಿದ್ದರು.

1987ರ ಮಳೆಗಾಲದಲ್ಲಿ ಒಬ್ಬ ಒಂದು ಕ್ಯಾಸೆಟ್ ತಂದ. ಹಾಕಿದರೆ ಬಣ್ಣವೇ ಇಲ್ಲ. ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇದೆ. ಅದು ಎನ್‌ಟಿಎಸ್‌ಸಿ ಕ್ಯಾಸೆಟ್, ಚಿತ್ರ 525 ಅಡ್ಡ ಗೆರೆಗಳಿಂದ ಆದದ್ದು. ನಮ್ಮ ಟಿವಿ 625 ಗೆರೆಯ ಪಾಲ್. ನನಗಾಗ ಇದೆಲ್ಲ ಗೊತ್ತಿರಲಿಲ್ಲ, ಟ್ರ್ಯಾಕಿಂಗ್ ಗುಂಡಿ ತಿರುಗಿಸಿ ತಿರುಗಿಸಿ ಕೈ ನೋಯಿತು. ಹದಿನಾಲ್ಕು ಹುಡುಗರು ಕೂತಿದ್ದರು. ದುಡ್ಡು ವಾಪಸ್ ಕೊಡುತ್ತೇನೆ ಅಂದೆ. ಬೇಡ ಅಂದರು. ಉರುಳುವ ಚಿತ್ರವನ್ನೇ ಎರಡು ಗಂಟೆ ನೋಡಿ, ಚಹಾ ಕುಡಿದು, ಇನ್ನೊಮ್ಮೆ ಹಾಕಿ ಅಂದರು! ಮಲ್ಟಿ ಸಿಸ್ಟಮ್ ಟಿವಿ ತಗೊಂಡದ್ದು ಆಮೇಲೆ, ಸಾಲ ಮಾಡಿ.

ಗಿರಾಕಿಗೆ ಏನು ಇಷ್ಟ ಅಂತ ನಾನು ಕೇಳುತ್ತಲೇ ಇರಲಿಲ್ಲ. ಕ್ಯಾಸೆಟ್ಟೇ ಹೇಳುತ್ತಿತ್ತು. ಪಾಸ್ (pause), ಅಂದರೆ ಚಿತ್ರ ತಡೆದು ನಿಲ್ಲಿಸುವ ಗುಂಡಿ ಒತ್ತಿದಾಗ ಟೇಪು ಮಾತ್ರ ನಿಲ್ಲುತ್ತದೆ, ಟೇಪು ಓದುವ ಒಳಗಿನ ಹೆಡ್ಡಿನ ಡ್ರಮ್ ನಿಲ್ಲುವುದಿಲ್ಲ. ಪಾಲ್ ಯಂತ್ರದಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಅದೇ ಒಂದು ಜಾಗವನ್ನು ಉಜ್ಜುತ್ತಿರುತ್ತದೆ. ಅಲ್ಲಿ ಬಿಳಿ ಗೆರೆ ಬೀಳುತ್ತದೆ. ಡೀಪ್ ಪರ್ಪಲ್‌ನವರು 1974ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾ ಜ್ಯಾಮ್ ಎಂಬ ರಾಕ್ ಉತ್ಸವದಲ್ಲಿ ನುಡಿಸಿದ ಕ್ಯಾಸೆಟ್ ನನ್ನಲ್ಲಿತ್ತು. ಕೊನೆಗೆ ರಿಚಿ ಬ್ಲ್ಯಾಕ್‌ಮೋರ್ ತಮ್ಮ ಗಿಟಾರಿನಿಂದ ಟಿವಿಯವರ ಕ್ಯಾಮೆರಾಕ್ಕೆ ತಿವಿಯುತ್ತಾರೆ. ಬೇರೆಲ್ಲ ಕಡೆ ಚಿತ್ರ ಚೆನ್ನಾಗಿತ್ತು. ಅಲ್ಲಿ ಮಾತ್ರ ಮಂಜು ಸುರಿದಂತೆ. ಹಾಸ್ಟೆಲ್‌ಗೆ ಹೋಗಿ ಬಂದಾಗಲೆಲ್ಲ ಒಂದು ಗೆರೆ ಜಾಸ್ತಿ ಆಗಿರುತ್ತಿತ್ತು. ಮೊದಮೊದಲು ಬೈಯುತ್ತಿದ್ದೆ. ಆಮೇಲೆ ನಾನೂ ಅಲ್ಲೇ ಪಾಸ್ ಒತ್ತತೊಡಗಿದೆ.

ಪ್ರಶ್ನೆ: ನನ್ನ ಯಜಮಾನರಿಗೆ 63. ಪ್ರತಿ ಭಾನುವಾರ ಒಂದೇ ಡಿಸ್ಕ್ ಹಾಕುತ್ತಾರೆ. ಹಾಳು ಬಿದ್ದ ಊರು, ಕೇಳಲು ಒಬ್ಬ ಮನುಷ್ಯನಿಲ್ಲ, ನಾಲ್ಕು ಜನ ಅಂಗಿ ಬಿಚ್ಚಿ ಬಾರಿಸುತ್ತಾರೆ. ಏನಿದೆ ಅದರಲ್ಲಿ?
– ಗೃಹಿಣಿ, ಶಹಾಪುರ, ಬೆಳಗಾವಿ

ವೈನಿ, ಅದು ಇಟಲಿಯ ಪಾಂಪೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿ ಬೂದಿಯಲ್ಲಿ ಮುಚ್ಚಿಹೋದ ಊರು. ನುಡಿಸುತ್ತಿರುವವರು ಪಿಂಕ್ ಫ್ಲಾಯ್ಡ್. 1971ರ ಅಕ್ಟೋಬರ್‌ನಲ್ಲಿ ನಿರ್ದೇಶಕ ಏಡ್ರಿಯನ್ ಮೇಬೆನ್ ಬೇಕೆಂದೇ ಜನ ಇಲ್ಲದೆ ತೆಗೆದರು. ಜನರ ಸಮುದ್ರ ತೋರಿಸುವ ಕಛೇರಿ ಸಿನಿಮಾ ನೋಡಿ ನೋಡಿ ಬೇಜಾರಾದವರಿಗೆ ಅದು ಹೊಸದಾಗಿ ಕಂಡಿತು. ಅಲ್ಲಿ ಸಾಕಷ್ಟು ಕರೆಂಟ್ ಇರಲಿಲ್ಲ, ಊರಿನ ಪುರಸಭೆಯಿಂದ ಉದ್ದಕ್ಕೆ ಕೇಬಲ್ ಎಳೆದರು. ನಮ್ಮ ಗಲ್ಲಿಯ ಗಣಪತಿ ಮಂಟಪಕ್ಕೆ ಎಳೆಯುತ್ತೇವಲ್ಲ, ಹಾಗೆ. ನಾನಂತೂ ಇದನ್ನು ನೋಡುವಾಗ ನಮ್ಮ ಗೋಳಗುಮ್ಮಟ ನೆನೆಯುತ್ತೇನೆ. ಅಲ್ಲಿ ಡ್ರಮ್ ಒಂದೇಟು ಹೊಡೆದರೆ ಏಳು ಸಲ ವಾಪಸ್ ಬಂದು ತಾಳವೇ ಕೆಟ್ಟೀತು!

ದನಿ ಕಡಿಮೆ ಮಾಡಲು ಹೇಳುವ ಹಕ್ಕು ನಿಮಗೆ ಇದೆ. ಡಿಸ್ಕ್ ಬಚ್ಚಿಡುವ ಹಕ್ಕು ಇಲ್ಲ.

ಪ್ರಶ್ನೆ: ಹಳೆ ಕಛೇರಿಗಳೆಲ್ಲ ಈಗ 4ಕೆಯಲ್ಲಿ, ಅಂದರೆ ಬಹಳ ಸ್ಪಷ್ಟವಾದ ಚಿತ್ರದಲ್ಲಿ ಬರುತ್ತಿವೆಯಂತೆ. ಲೈವ್ ಏಡ್ ಕಛೇರಿಯ ನಾಲ್ಕು ಡಿವಿಡಿ ಸೆಟ್ ಮಾರಿ, 4ಕೆ ಬರುವವರೆಗೆ ಕಾಯಲೇ?
– ಬ್ಯಾಂಕ್ ನಿವೃತ್ತರು, ಚಿಕ್ಕೋಡಿ

ಮಾರಬೇಡಿ ಸರ್. ಅಂಗಡಿಯವರು 4ಕೆ ಅಂದ ಕೂಡಲೇ ಒಂದೇ ಪ್ರಶ್ನೆ ಕೇಳಿ: ಮೊದಲು ತೆಗೆದದ್ದು ಯಾವುದರ ಮೇಲೆ? ಫಿಲ್ಮೋ, ವಿಡಿಯೊ ಟೇಪೋ?

35 ಎಂಎಂ ಫಿಲ್ಮಿನಲ್ಲಿ ನಾವು ಟಿವಿಯಲ್ಲಿ ನೋಡಿದ್ದಕ್ಕಿಂತ ಎಷ್ಟೋ ಹೆಚ್ಚಿನ ವಿವರ ಸುಮ್ನೆ ಕೂತಿರುತ್ತದೆ. ನೆಗೆಟಿವ್ ಚೆನ್ನಾಗಿದ್ದರೆ ಮತ್ತೆ ಸ್ಕ್ಯಾನ್ ಮಾಡಿ ಹೊರತೆಗೆಯಬಹುದು. ವೈನಿಯವರ ಮನೆಯ ಪಾಂಪೆ ಚಿತ್ರ 2025ರಲ್ಲಿ ಹಾಗೆಯೇ 4ಕೆಯಲ್ಲಿ ಬಂತು, ದನಿಯನ್ನು ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದರು. ಕ್ವೀನ್ ಬ್ಯಾಂಡ್ 1981ರಲ್ಲಿ ಮಾಂಟ್ರಿಯಲ್‌ನಲ್ಲಿ ಹಾಡಿದ್ದೂ 35 ಎಂಎಂ. ‘ದಿ ಬ್ಯಾಂಡ್’ ಅಂತಲೇ ಹೆಸರಿದ್ದ ತಂಡದವರು 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೊಟ್ಟ ವಿದಾಯ ಕಛೇರಿಯನ್ನು ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ ತೆಗೆದದ್ದೂ 35 ಎಂಎಂ. ಇವಕ್ಕೆ ದುಡ್ಡು ಹಾಕಿ.

ಲೈವ್ ಏಡ್ ಹಾಗಲ್ಲ. 1985ರ ಜುಲೈ 13ರಂದು ಲಂಡನ್, ಫಿಲಡೆಲ್ಫಿಯಾ ಎರಡೂ ಕಡೆಯಿಂದ ಟಿವಿಗೆ ನೇರ ಪ್ರಸಾರ ಆದದ್ದು. ವಿಡಿಯೊ ಕ್ಯಾಮೆರಾ. ಲಂಡನ್ನಿನ ವೆಂಬ್ಲಿ ಮೈದಾನದ್ದು 625 ಗೆರೆ, ಅಷ್ಟೇ. ಕಂಪ್ಯೂಟರ್ ಗೆರೆಗಳ ನಡುವೆ ಊಹೆ ಮಾಡಿ ತುಂಬಬಹುದು. ಅದು ಜೋಳದ ರೊಟ್ಟಿಯನ್ನು ತಟ್ಟಿ ತಟ್ಟಿ ದೊಡ್ಡದು ಮಾಡಿದ ಹಾಗೆ. ಹಿಟ್ಟು ಇದ್ದಷ್ಟೇ. ನಿಮ್ಮ 2004ರ ಸೆಟ್ಟೇ ಚೆನ್ನಾಗಿದೆ. ಅದರಲ್ಲಿ ಲೆಡ್ ಝೆಪ್ಲಿನ್ ಹುಡುಕಬೇಡಿ. ಅವರಿಗೆ ಅವತ್ತಿನ ತಮ್ಮ ನುಡಿಸಾಣಿಕೆ ಹಿಡಿಸಲಿಲ್ಲ, ಹಾಕಲು ಒಪ್ಪಲಿಲ್ಲ.

ಪ್ರಶ್ನೆ: ಅಳಿಯ ಅಮೆರಿಕದಿಂದ ತಂದ ಡಿವಿಡಿ ನಮ್ಮ ಪ್ಲೇಯರ್‌ನಲ್ಲಿ ಓಡುತ್ತಿಲ್ಲ. ಡಿಸ್ಕ್ ಕೆಟ್ಟಿದೆಯೇ?
– ಓದುಗರು, ಜಮಖಂಡಿ

ಇಲ್ಲ. ಡಿವಿಡಿಯವರ ಲೆಕ್ಕದಲ್ಲಿ ಅಮೆರಿಕ ರೀಜನ್ (ವಲಯ) 1, ಭಾರತ ರೀಜನ್ 5, ಒಂದರ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದಂತೆ ಬೀಗ ಇರುತ್ತದೆ. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಬೇಕು. ಸಂಗೀತದ ಡಿಸ್ಕ್‌ಗಳಲ್ಲಿ ರೀಜನ್ ಬೀಗ ಇಲ್ಲದವೂ ಬಹಳ ಇರುತ್ತವೆ, ಮುಂದಿನ ಸಲ ಕವರಿನ ಹಿಂಬದಿ ನೋಡಿ ತರಲು ಹೇಳಿ. ಅಳಿಯನಿಗೆ ಇಷ್ಟು ಕೆಲಸ ಹೇಳಬಹುದು.

ಪ್ರಶ್ನೆ: ಬಾಂಗ್ಲಾದೇಶಕ್ಕಾಗಿ ನಡೆದ ಕಛೇರಿಯ ವಿಡಿಯೊದಲ್ಲಿ ಪಂಡಿತ್ ರವಿಶಂಕರ್ ಶುರುವಿನಲ್ಲೇ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಮ್ಮ ತಾತನಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಕೇಳಿಸಲಿಲ್ಲ.
– ಮೊಮ್ಮಗ, ಗೋಕಾಕ

ತಾತನಿಗೆ ಹೀಗೆ ಹೇಳಿ. 1971ರ ಆಗಸ್ಟ್ 1, ಮತ್ತೆ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನಿರಾಶ್ರಿತರಿಗೆ ದುಡ್ಡು ಕೂಡಿಸಲು ರವಿಶಂಕರ್ ಮತ್ತು ಅವರ ಶಿಷ್ಯ, ಬೀಟಲ್ಸ್ ಬ್ಯಾಂಡಿನಲ್ಲಿದ್ದ ಜಾರ್ಜ್ ಹ್ಯಾರಿಸನ್ ಮಾಡಿದ ಕಛೇರಿ. ಮೊದಲು ಕೂತವರು ಸಿತಾರ್‌ಗೆ ರವಿಶಂಕರ್, ಸರೋದ್‌ಗೆ ಅಲಿ ಅಕ್ಬರ್ ಖಾನ್, ತಬಲಾಕ್ಕೆ ಅಲ್ಲಾ ರಖಾ. ಶ್ರುತಿ ಮಾಡಿಕೊಂಡರು. ಅದನ್ನೇ ಒಂದು ಹಾಡು ಅಂದುಕೊಂಡು ಜನ ಜೋರಾಗಿ ಚಪ್ಪಾಳೆ ಹೊಡೆದರು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸುತ್ತದೆ ಅಂದುಕೊಂಡಿದ್ದೇನೆ ಎಂಬರ್ಥದಲ್ಲಿ ರವಿಶಂಕರ್ ಮೆಲ್ಲಗೆ ಹೇಳಿದರು. ಬೈಗುಳ ಅಲ್ಲ ಅದು, ಕುಂದಾ ಕೊಟ್ಟ ಹಾಗೆ ಹೇಳಿದ್ದು. ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ತಂಬೂರಿ ಶ್ರುತಿಯನ್ನೇ ಕೇಳಲು ಜನ ಬೇಗ ಬಂದು ಕೂರುತ್ತಿದ್ದರು ಅಂತ ನಮ್ಮಪ್ಪ ಹೇಳುತ್ತಿದ್ದರು. ಹಾಗಾಗಿ ನ್ಯೂಯಾರ್ಕಿನವರದು ಅಂಥ ದೊಡ್ಡ ತಪ್ಪೇನೂ ಅಲ್ಲ ಅನ್ನಿ.

ಪ್ರಶ್ನೆ: ತೀರಿಕೊಂಡ ಅಪ್ಪನ ಟ್ರಂಕಿನಲ್ಲಿ 11 ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿವೆ. ಮೇಲೆ ಬ್ಯಾಂಡ್‌ಗಳ ಹೆಸರು ಬರೆದಿದ್ದಾರೆ. ಕಿಟಕಿಯೊಳಗೆ ಬಿಳಿ ಪುಡಿಯಂಥದ್ದು ಕಾಣುತ್ತದೆ. ಪಕ್ಕದ ಮನೆಯವರ ವಿಸಿಆರ್‌ಗೆ ಹಾಕಿ ನೋಡಲೇ?
– ಮಗಳು, ವಿಜಯಪುರ

ಹಾಕಬೇಡಿ ತಾಯಿ. ಅದು ಬೂಷ್ಟು. ಒಂದು ಕ್ಯಾಸೆಟ್ಟಿನದು ಯಂತ್ರಕ್ಕೆ ಅಂಟಿ, ಅಲ್ಲಿಂದ ಉಳಿದ ಹತ್ತಕ್ಕೂ ಹೋಗುತ್ತದೆ. ಟೇಪು ಅಂಟಿಕೊಂಡಿದ್ದರೆ ಹರಿದೂ ಹೋಗಬಹುದು. 2019ರ ಆಗಸ್ಟ್ ಮಳೆಯಲ್ಲಿ ನನ್ನ ಗೋದಾಮಿಗೆ ನೀರು ನುಗ್ಗಿ ನಲವತ್ತು ಕ್ಯಾಸೆಟ್ ಹೋದವು. ಉಳಿದದ್ದರಲ್ಲಿ ಆರನ್ನು ಡಿಜಿಟಲ್ ಮಾಡಿಸಲು ಒಂದು ಅಂಗಡಿಗೆ ಕೊಟ್ಟೆ. ಅವರು ಬೂಷ್ಟು ಒರೆಸದೆ ಹಾಗೇ ಹಾಕಿದರು. ಮೂರು ವಾಪಸ್ ಬಂದವು, ಅದರಲ್ಲೂ ಎರಡು ಸುಕ್ಕು.

ನೀವು ಹೀಗೆ ಮಾಡಿ. ಬೂಷ್ಟು ಹಿಡಿದ ಕ್ಯಾಸೆಟ್‌ಗಳನ್ನು ಬೇರೆ ಇಡಿ. ಒಣ ಜಾಗದಲ್ಲಿ, ಪುಸ್ತಕದಂತೆ ನಿಲ್ಲಿಸಿ ಇಡಿ, ಮಲಗಿಸಬೇಡಿ. ಸ್ಪೀಕರ್ ಪಕ್ಕ ಬೇಡ, ಅದರಲ್ಲಿ ಅಯಸ್ಕಾಂತ ಇರುತ್ತದೆ. ಟೇಪು ಬಿಚ್ಚಿ ಒರೆಸಿ, ಅದಕ್ಕೇ ಇಟ್ಟ ಬೇರೆ ಯಂತ್ರದಲ್ಲಿ ಓಡಿಸುವವರಿಗೆ ಮಾತ್ರ ಕೊಡಿ. ಕೊಡುವ ಮುಂಚೆ ಹೆಡ್ ಯಾವಾಗ ಒರೆಸುತ್ತೀರಿ ಅಂತ ಕೇಳಿ. ಪ್ರತಿ ಕ್ಯಾಸೆಟ್ ಆದಮೇಲೆ ಅಂದರೆ ಕೊಡಬಹುದು. ತಡ ಮಾಡಬೇಡಿ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲೇ ನಿಲ್ಲಿಸಿದೆ, ಈಗ ಇರುವವೆಲ್ಲ ಹಳೆ ಯಂತ್ರಗಳೇ.

ಎಲ್ಲಾದರೂ ಬಿಳಿ ಗೆರೆ ಬಂದರೆ ಅದನ್ನು ಕಂಪ್ಯೂಟರಿನಲ್ಲಿ ಅಳಿಸಲು ಹೇಳಬೇಡಿ. ನಿಮ್ಮಪ್ಪ ಪಾಸ್ ಒತ್ತಿದ ಜಾಗ ಇರಬಹುದು. ಇನ್ನೊಂದು ಮಾತು, ಒರೆಸುವಾಗ ಮೇಲಿನ ಚೀಟಿಯ ಇಂಕು ಅಳಿಸಿಹೋಗುತ್ತದೆ. ಕೈಬರಹದ ಫೋಟೊ ಇವತ್ತೇ ತೆಗೆದಿಡಿ.